ಹೆಡರ್ ಫೈಲಿನ ಷರತ್ತುಗಳು: ತಂತ್ರಾಂಶ ಬರೆಸುವ ಉದ್ಯಮಿಗಳು ಅರಿತಿರಬೇಕಾದ ಶಿಸ್ತು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ದೈನಂದಿನ ವ್ಯವಹಾರದಲ್ಲಿ ತಂತ್ರಾಂಶವು ಇಂದು ಅನಿವಾರ್ಯ ಅಂಗವಾಗಿದೆ. ರೇಷ್ಮೆಗೂಡು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ, ಮಂಡಿಯ ಬಿಲ್ಲಿನ ಯಂತ್ರ, ನೂಲು ಬಿಚ್ಚಾಣಿಕೆಯ ಬೇಸಿನ್ನಿನ ಉಷ್ಣತಾ ನಿಯಂತ್ರಕ, ಹನಿ ನೀರಾವರಿಯ ಟೈಮರ್, ಇಂತಹ ಸಲಕರಣೆಗಳೊಳಗೆ ಒಂದು ಚಿಪ್ಪೂ ಆ ಚಿಪ್ಪಿನೊಳಗೆ ಒಂದು ಪ್ರೋಗ್ರಾಮೂ ಇರುತ್ತವೆ. ಈ ಬಗೆಯ ಪ್ರೋಗ್ರಾಮುಗಳನ್ನು ಬರೆಯಲು ಇಂದಿಗೂ ಹೆಚ್ಚಾಗಿ ಬಳಕೆಯಾಗುವುದು ‘ಸಿ’ ಭಾಷೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು 1970ರ ದಶಕದ ಆರಂಭದಲ್ಲಿ ರೂಪಿಸಿದ ಈ ಭಾಷೆಗೆ 1989ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ದೊರೆಯಿತು.

ಲೆಕ್ಕಪರಿಶೋಧಕನಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಮಾನ್ಯ ಸದಸ್ಯರು ಕೇಳಬಹುದು. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಾಖಲಾಗುತ್ತಿದೆಯೇ ಎಂಬುದನ್ನು ವರದಿ ಮಾಡುವುದು ಈಗ ಲೆಕ್ಕಪರಿಶೋಧಕರ ಶಾಸನಬದ್ಧ ಕರ್ತವ್ಯವಾಗಿದೆ. ತಂತ್ರಾಂಶದಲ್ಲಿ ಒಂದು ಸೌಲಭ್ಯ ‘ಇದೆ’ ಅಥವಾ ‘ಇಲ್ಲ’ ಎಂಬುದು ಎಲ್ಲಿ, ಯಾರಿಂದ ನಿರ್ಧಾರವಾಗುತ್ತದೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಅದು ನಿರ್ಧಾರವಾಗುವುದು ಹೆಡರ್ ಫೈಲ್ ಎಂಬ ಸಣ್ಣ ಕಡತದ ಒಂದು ಸಾಲಿನಲ್ಲಿ. ಆ ಸಾಲನ್ನು ಬರೆಯುವವರು ಪ್ರೋಗ್ರಾಮರ್. ಅದರ ಪರಿಣಾಮವನ್ನು ಅನುಭವಿಸುವವರು ಸರಕಿನ ಮೇಲೆ ತಮ್ಮ ಹೆಸರು ಹಾಕಿ ಮಾರುವ ತಯಾರಕರು.

ಹೆಡರ್ ಫೈಲ್ ಮತ್ತು ಷರತ್ತು

ಸಿ ಭಾಷೆಯ ಪ್ರೋಗ್ರಾಮ್ ಹಲವು ಕಡತಗಳಲ್ಲಿ ಹಂಚಿಹೋಗಿರುತ್ತದೆ. ಎಲ್ಲ ಕಡತಗಳಿಗೂ ಬೇಕಾದ ಹೆಸರುಗಳು, ಅಳತೆಗಳು, ಆಯ್ಕೆಗಳು ಇವುಗಳನ್ನು ಒಂದೆಡೆ ಬರೆದಿಟ್ಟ ಕಡತವೇ ಹೆಡರ್ ಫೈಲ್. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಖಾತೆಗಳ ಪಟ್ಟಿ ಇದ್ದ ಹಾಗೆ. ಪ್ರೋಗ್ರಾಮರ್ ಬರೆದುದನ್ನು ಚಿಪ್ಪಿಗೆ ಅರ್ಥವಾಗುವ ರೂಪಕ್ಕೆ ತರುವ ಸಾಧನ ಕಂಪೈಲರ್. ‘ಈ ಹೆಸರು ಘೋಷಣೆಯಾಗಿದ್ದರೆ ಮುಂದಿನ ಸಾಲುಗಳನ್ನು ಸೇರಿಸು, ಇಲ್ಲವಾದರೆ ಬಿಟ್ಟುಬಿಡು’ ಎಂದು ಕಂಪೈಲರ್‌ಗೆ ಆದೇಶಿಸಬಹುದು. ಇದಕ್ಕೆ ‘ಇಫ್‌ಡೆಫ್’, ‘ಇಫ್’, ‘ಎಲ್ಸ್’, ‘ಎಂಡ್‌ಇಫ್’ ಎಂಬ ಆದೇಶ ಪದಗಳಿವೆ. ಈ ವಿಧಾನವೇ ಷರತ್ತುಬದ್ಧ ಕಂಪೈಲಿಂಗ್. ಒಂದೇ ಮೂಲ ಬರಹದಿಂದ ಹಲವು ಮಾದರಿಯ ಸರಕುಗಳನ್ನು ತಯಾರಿಸಲು ಇದು ಅತ್ಯಂತ ಉಪಯುಕ್ತ.

ಟ್ಯಾಲಿ ಬಳಸುವ ಸದಸ್ಯರಿಗೆ ಎಫ್-11 ಒತ್ತಿ ಜಿಎಸ್‌ಟಿ ‘ಯೆಸ್’ ಅಥವಾ ‘ನೋ’ ಎಂದು ಆಯ್ಕೆ ಮಾಡುವುದು ಪರಿಚಿತ. ಅಲ್ಲಿ ‘ನೋ’ ಎಂದಾಗಲೂ ಸೌಲಭ್ಯವು ತಂತ್ರಾಂಶದೊಳಗೇ ಇರುತ್ತದೆ, ಬೇಕಾದಾಗ ಮತ್ತೆ ತೆರೆಯಬಹುದು. ಷರತ್ತುಬದ್ಧ ಕಂಪೈಲಿಂಗ್‌ನಲ್ಲಿ ‘ಇಲ್ಲ’ ಎಂದರೆ ಆ ಭಾಗ ಗ್ರಾಹಕನ ಕೈ ಸೇರುವ ಯಂತ್ರದಲ್ಲಿ ಇರುವುದೇ ಇಲ್ಲ. ಯಂತ್ರವನ್ನು ಹೊರಗಿನಿಂದ ನೋಡಿ ಅದನ್ನು ಕಂಡುಹಿಡಿಯುವುದು ಕಷ್ಟ. ಆದುದರಿಂದಲೇ ಇಲ್ಲಿ ಬರವಣಿಗೆಯ ಶಿಸ್ತು ಮುಖ್ಯವಾಗುತ್ತದೆ.

ಒಂದು ಉದಾಹರಣೆ

ಗೌರಿಬಿದನೂರಿನ ತಯಾರಕರೊಬ್ಬರು ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರಿಗಾಗಿ ಬೇಸಿನ್ನಿನ ನೀರಿನ ಉಷ್ಣತೆ ಕಾಯುವ ನಿಯಂತ್ರಕ ತಯಾರಿಸುತ್ತಾರೆಂದು ಭಾವಿಸೋಣ. ಬಾಯ್ಲರ್ ಹಬೆಯ ಕವಾಟ ನಡೆಸುವುದು ಒಂದು ಮಾದರಿ, ವಿದ್ಯುತ್ ಹೀಟರ್ ನಡೆಸುವುದು ಇನ್ನೊಂದು. ಹೀಟರ್ ಮಾದರಿಯಲ್ಲಿ ನೀರು ಬತ್ತಿದಾಗ ವಿದ್ಯುತ್ ಕಡಿತಗೊಳಿಸುವ ರಕ್ಷಣಾ ಭಾಗವೂ ಇರಬೇಕು. ಹೆಡರ್ ಫೈಲಿನಲ್ಲಿ ಪ್ರೋಗ್ರಾಮರ್ ‘ಓವರ್‌ಹೀಟ್_ಕಟಾಫ್’ ಎಂಬ ಹೆಸರನ್ನು ಘೋಷಿಸಿದ್ದಾನೆ. ಪ್ರೋಗ್ರಾಮಿನ ಇನ್ನೊಂದು ಕಡತದಲ್ಲಿ ಅದೇ ಹೆಸರನ್ನು ಪರೀಕ್ಷಿಸುವಾಗ ಒಂದು ಅಕ್ಷರ ಬಿಟ್ಟುಹೋಗಿದೆ. ಕಂಪೈಲರ್ ಸಾಮಾನ್ಯ ಸ್ಥಿತಿಯಲ್ಲಿ ದೋಷವನ್ನು ತೋರಿಸುವುದಿಲ್ಲ. ಆ ಹೆಸರು ಘೋಷಣೆಯಾಗಿಲ್ಲವೆಂದು ತಿಳಿದು ರಕ್ಷಣಾ ಭಾಗವನ್ನು ಕೈಬಿಟ್ಟು ಮುಂದೆ ಸಾಗುತ್ತದೆ. ಯಂತ್ರ ಚೆನ್ನಾಗಿಯೇ ನಡೆಯುತ್ತದೆ, ಪರೀಕ್ಷೆಯ ಮೇಜಿನ ಮೇಲೆ ನೀರಿದ್ದಾಗ ಎಲ್ಲವೂ ಸರಿಯಾಗಿರುತ್ತದೆ. ನೀರು ಬತ್ತಿದ ದಿನವೇ ಕೊರತೆ ತಿಳಿಯುವುದು. ಅಂದು ಸುಡುವುದು ಗ್ರಾಹಕನ ಹೀಟರ್; ಕೆಲಸಗಾರನಿಗೂ ಅಪಾಯ ತಪ್ಪಿದ್ದಲ್ಲ.

ಖಾತೆ ತೆರೆದಿದೆಯೇ? ಖಾತೆಯಲ್ಲಿ ಬಾಕಿ ಇದೆಯೇ?

ಈ ತೊಡಕಿನ ಮೂಲವನ್ನು ಲೆಕ್ಕದ ಪುಸ್ತಕದ ಹೋಲಿಕೆಯಿಂದ ಸುಲಭವಾಗಿ ಅರಿಯಬಹುದು. ‘ಇಫ್‌ಡೆಫ್’ ಎಂಬ ಆದೇಶ ಕೇಳುವುದು, ‘ಈ ಹೆಸರಿನ ಖಾತೆ ತೆರೆದಿದೆಯೇ?’ ಎಂದು ಮಾತ್ರ. ಖಾತೆಯಲ್ಲಿ ಸೊನ್ನೆ ಬಾಕಿ ಇದ್ದರೂ ಖಾತೆ ತೆರೆದಿದೆಯಾದ್ದರಿಂದ ಉತ್ತರ ‘ಹೌದು’. ಪ್ರೋಗ್ರಾಮರ್ ಒಂದು ಸೌಲಭ್ಯ ಬೇಡವೆಂದು ಅದರ ಹೆಸರಿನ ಮುಂದೆ 0 ಎಂದು ಬರೆದಿದ್ದರೂ ‘ಇಫ್‌ಡೆಫ್’ ಅದನ್ನು ಸೇರಿಸಿಬಿಡುತ್ತದೆ.

‘ಇಫ್’ ಎಂಬ ಆದೇಶ ಕೇಳುವುದು, ‘ಖಾತೆಯಲ್ಲಿ ಬಾಕಿ ಇದೆಯೇ?’ ಎಂದು. ಇಲ್ಲಿ ಬೇರೊಂದು ಅಪಾಯವಿದೆ. ತೆರೆಯದೇ ಇರುವ ಖಾತೆಯ ಬಾಕಿ ಕೇಳಿದರೆ ಒಳ್ಳೆಯ ಗುಮಾಸ್ತ ‘ಅಂಥ ಖಾತೆಯೇ ಇಲ್ಲ’ ಎನ್ನುತ್ತಾನೆ. ಸಿ ಭಾಷೆಯ ಮಾನಕವು ಘೋಷಣೆಯಾಗದ ಹೆಸರನ್ನು ಸೊನ್ನೆಯೆಂದೇ ಎಣಿಸಬೇಕೆಂದು ವಿಧಿಸಿದೆ. ಆದುದರಿಂದ ಅಕ್ಷರ ತಪ್ಪಿದ ಹೆಸರು, ಘೋಷಿಸಲು ಮರೆತ ಹೆಸರು, ಬೇಕೆಂದೇ ಸೊನ್ನೆ ಮಾಡಿದ ಹೆಸರು, ಮೂರಕ್ಕೂ ಉತ್ತರ ಒಂದೇ. ಒಬ್ಬ ಪ್ರೋಗ್ರಾಮರ್ ಮೊದಲ ಪದ್ಧತಿಯನ್ನೂ ಅವನ ನಂತರ ಬಂದವನು ಎರಡನೆಯದನ್ನೂ ಒಂದೇ ಪ್ರೋಗ್ರಾಮಿನಲ್ಲಿ ಬೆರೆಸಿದಾಗ ಗೊಂದಲ ಇಮ್ಮಡಿಯಾಗುತ್ತದೆ.

ಶಿಸ್ತಿನ ಆರು ನಿಯಮಗಳು

ಈ ತೊಂದರೆಗಳು ಹೊಸವಲ್ಲ. ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್ ಎಂಬ ತಂತ್ರಜ್ಞರು ಇಫ್‌ಡೆಫ್‌ಗಳ ಮಿತಿಮೀರಿದ ಬಳಕೆ ಹಾನಿಕರವೆಂದು 1992ರಲ್ಲೇ ಪ್ರಬಂಧ ಮಂಡಿಸಿದ್ದರು. ಲಿನಕ್ಸ್ ತಿರುಳಿನ ಬರವಣಿಗೆ ನಿಯಮಾವಳಿಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಬ್ರಿಟನ್ನಿನ ಮೋಟಾರು ವಾಹನ ಉದ್ಯಮದ ಆಶ್ರಯದಲ್ಲಿ 1998ರಲ್ಲಿ ಮೊದಲು ಪ್ರಕಟವಾದ ‘ಮಿಸ್ರಾ ಸಿ’ ಮಾರ್ಗಸೂಚಿಯೂ ಈ ಬಗ್ಗೆ ಸ್ಪಷ್ಟ ವಿಧಿಗಳನ್ನು ಹೊಂದಿದೆ. ಅವುಗಳಿಂದ ಸಣ್ಣ ತಯಾರಕರಿಗೆ ಅವಶ್ಯವಾದವುಗಳನ್ನು ಆಯ್ದು ಇಲ್ಲಿ ಕೊಡಲಾಗಿದೆ.

1. ಎಲ್ಲ ಆಯ್ಕೆಗಳೂ ಒಂದೇ ಕಡತದಲ್ಲಿರಲಿ. ಮಾದರಿಗೆ ಸಂಬಂಧಿಸಿದ ಪ್ರತಿಯೊಂದು ಹೆಸರನ್ನೂ ಒಂದೇ ಹೆಡರ್ ಫೈಲಿನಲ್ಲಿ 1 ಅಥವಾ 0 ಎಂದು ತಪ್ಪದೆ ಘೋಷಿಸತಕ್ಕದ್ದು. ಪರೀಕ್ಷಿಸುವಾಗ ಎಲ್ಲೆಡೆಯೂ ‘ಇಫ್’ ಪದ್ಧತಿಯನ್ನೇ ಬಳಸತಕ್ಕದ್ದು. ಘೋಷಿಸದ ಹೆಸರು ಬಂದೊಡನೆ ಎಚ್ಚರಿಕೆ ನೀಡುವ ‘ಡಬ್ಲ್ಯುಅನ್‌ಡೆಫ್’ ಎಂಬ ಆಯ್ಕೆ ಜಿಸಿಸಿ ಕಂಪೈಲರ್‌ನಲ್ಲಿದೆ. ಅದನ್ನು ಸದಾ ತೆರೆದಿಡತಕ್ಕದ್ದು. ಆಗ ಮೇಲಿನ ಉದಾಹರಣೆಯ ಅಕ್ಷರ ದೋಷ ಅದೇ ದಿನ ಸಿಕ್ಕಿಬೀಳುತ್ತದೆ. 2012ರ ಮಿಸ್ರಾ ಆವೃತ್ತಿಯ 20.9ನೇ ನಿಯಮದ ತಾತ್ಪರ್ಯವೂ ಇದೇ: ಷರತ್ತಿನಲ್ಲಿ ಬರುವ ಹೆಸರು ಮೊದಲೇ ಘೋಷಣೆಯಾಗಿರಬೇಕು.

2. ಹೆಡರ್ ಫೈಲಿಗೆ ಕಾವಲು ಇರಲಿ. ಒಂದೇ ಹೆಡರ್ ಎರಡು ಬಾರಿ ಸೇರಿಕೊಳ್ಳದಂತೆ ಅದರ ಆರಂಭದಲ್ಲಿ ಒಂದು ಹೆಸರನ್ನು ಪರೀಕ್ಷಿಸಿ ಘೋಷಿಸುವ ರೂಢಿಯಿದೆ. ಈ ಹೆಸರು ಪ್ರತಿ ಕಡತಕ್ಕೂ ಬೇರೆಯಾಗಿರಬೇಕು. ಹಳೆಯ ಹೆಡರ್ ನಕಲು ಮಾಡಿ ಹೊಸದನ್ನು ತಯಾರಿಸಿ, ಕಾವಲಿನ ಹೆಸರನ್ನು ಬದಲಿಸದೆ ಬಿಟ್ಟರೆ ಎರಡನೆಯ ಕಡತ ಪೂರ್ತಿಯಾಗಿ ಕೈಬಿಟ್ಟುಹೋಗುತ್ತದೆ. ಎರಡು ಚೀಲಗಳಿಗೆ ಒಂದೇ ಲಾಟ್ ಸಂಖ್ಯೆ ಬರೆದು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಂತೆ. ಅಡಿಗೆರೆಯ ಬೆನ್ನಿಗೆ ದೊಡ್ಡಕ್ಷರ ಬರುವ ಹೆಸರುಗಳನ್ನು ಮಾನಕವು ಕಂಪೈಲರ್ ತಯಾರಕರಿಗಾಗಿ ಕಾದಿರಿಸಿದೆ. ಕಾವಲಿಗೆ ಅಂತಹ ಹೆಸರು ಇಡಬಾರದು.

3. ಮುಗಿಯುವ ಸಾಲಿಗೆ ಗುರುತು ಇರಲಿ. ‘ಎಂಡ್‌ಇಫ್’ ಎಂಬ ಪದ ಯಾವ ಷರತ್ತನ್ನು ಮುಗಿಸುತ್ತಿದೆ ಎಂಬುದನ್ನು ಪಕ್ಕದಲ್ಲಿಯೇ ಟಿಪ್ಪಣಿಯಾಗಿ ಬರೆಯಬೇಕು. ಷರತ್ತು ಎರಡು ಪುಟ ಹಬ್ಬಿದಾಗ ಈ ಟಿಪ್ಪಣಿಯೇ ಆಧಾರ. ಷರತ್ತು ಆರಂಭವಾದ ಕಡತದಲ್ಲಿಯೇ ಮುಗಿಯಬೇಕೆಂಬುದೂ ಮಿಸ್ರಾ ನಿಯಮ.

4. ಆಯ್ಕೆ ತಪ್ಪಿದರೆ ಕೆಲಸ ನಿಲ್ಲಲಿ. ಹಬೆ ಮಾದರಿಯೂ ಅಲ್ಲ, ಹೀಟರ್ ಮಾದರಿಯೂ ಅಲ್ಲ ಎಂಬ ಸ್ಥಿತಿ ಬಂದಾಗ ಅಥವಾ ಎರಡೂ ಒಟ್ಟಿಗೆ 1 ಆಗಿದ್ದಾಗ ‘ಎರರ್’ ಎಂಬ ಆದೇಶದಿಂದ ಕಂಪೈಲಿಂಗ್ ಅನ್ನೇ ನಿಲ್ಲಿಸಬೇಕು. ಯಾವುದೂ ಹೇಳದಿದ್ದರೆ ಹಬೆ ಮಾದರಿ ಎಂದು ಊಹಿಸಿಕೊಳ್ಳುವ ಬರವಣಿಗೆ ಸಲ್ಲದು. ಅಡಮಾನದ ಪತ್ರದಲ್ಲಿ ಖಾಲಿ ಜಾಗ ಬಿಡುವಷ್ಟೇ ಅದು ಅಪಾಯಕರ.

5. ಷರತ್ತುಗಳು ಹೆಡರ್ ಫೈಲಿನಲ್ಲಿಯೇ ಇರಲಿ, ಮುಖ್ಯ ಪ್ರೋಗ್ರಾಮಿನ ತುಂಬ ಹರಡದಿರಲಿ. ಮುಖ್ಯ ಪ್ರೋಗ್ರಾಮ್ ‘ಅತಿತಾಪ ಪರೀಕ್ಷಿಸು’ ಎಂದು ಎಲ್ಲ ಮಾದರಿಗಳಲ್ಲೂ ಕರೆಯಲಿ. ಆ ಹೆಸರಿನ ಹಿಂದೆ ನಿಜವಾದ ಕಾರ್ಯವಿದೆಯೋ, ಏನನ್ನೂ ಮಾಡದ ಖಾಲಿ ಕಾರ್ಯವಿದೆಯೋ ಎಂಬುದನ್ನು ಹೆಡರ್ ನಿರ್ಧರಿಸಲಿ. ಲಿನಕ್ಸ್ ನಿಯಮಾವಳಿಯ ಸಲಹೆ ಇದೇ. ಇದರಿಂದ ಮುಖ್ಯ ಪ್ರೋಗ್ರಾಮ್ ಅಡೆತಡೆಯಿಲ್ಲದೆ ಓದಿಸಿಕೊಳ್ಳುತ್ತದೆ. ಯಾವ ಮಾದರಿಗೆ ಏನಿಲ್ಲ ಎಂಬುದು ಒಂದೇ ಕಡೆ ಕಾಣುತ್ತದೆ.

6. ಹೆಸರುಗಳು ಅಸ್ತಿತ್ವ ಸೂಚಕವಾಗಿರಲಿ. ‘ಕಟಾಫ್_ಬೇಡ’ ಎಂಬಂತಹ ಹೆಸರಿಟ್ಟು ‘ಅದು ಇಲ್ಲದಿದ್ದರೆ ಸೇರಿಸು’ ಎಂದು ಬರೆದಾಗ ಎರಡು ನಿಷೇಧಗಳನ್ನು ಓದುಗ ಮನಸ್ಸಿನಲ್ಲಿ ಕಳೆಯಬೇಕಾಗುತ್ತದೆ. ಹೊಸಬರು ಎಡವುವುದು ಇಂತಲ್ಲಿಯೇ.

ಷರತ್ತುಬದ್ಧ ಕಂಪೈಲಿಂಗ್ ತಾನಾಗಿ ಕೆಟ್ಟದ್ದೆಂದು ಯಾರೂ ಭಾವಿಸಬೇಕಿಲ್ಲ. ಅಂತರ್ಜಾಲ ವ್ಯವಹಾರಗಳ ಗೋಪ್ಯತೆ ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷ ಬಹಿರಂಗವಾದಾಗ, ಕೂಡಲೇ ಹೊಸ ಆವೃತ್ತಿಗೆ ಹೋಗಲಾಗದವರಿಗೆ ನೀಡಿದ ಸಲಹೆ ಒಂದೇ ಷರತ್ತಿನದು: ಹಾರ್ಟ್‌ಬೀಟ್ ಭಾಗವನ್ನು ಕೈಬಿಡುವ ಹೆಸರನ್ನು ಘೋಷಿಸಿ ಮತ್ತೊಮ್ಮೆ ಕಂಪೈಲ್ ಮಾಡಿ ಎಂದು. ಆ ಭಾಗಕ್ಕೆ ಮೊದಲೇ ಷರತ್ತು ಹಾಕಿ ಬೇರ್ಪಡಿಸಿದ್ದುದರಿಂದ ಅದು ಸಾಧ್ಯವಾಯಿತು.

ಹತ್ತು ಷರತ್ತು, 1024 ಸರಕು

ಒಂದು ಷರತ್ತಿಗೆ ‘ಹೌದು’, ‘ಇಲ್ಲ’ ಎಂಬ ಎರಡು ಸಾಧ್ಯತೆಗಳು. ಎರಡು ಷರತ್ತಿಗೆ ನಾಲ್ಕು, ಮೂರಕ್ಕೆ ಎಂಟು. ಹೀಗೆ ಇಮ್ಮಡಿಸುತ್ತಾ ಹೋದರೆ ಒಂದರೊಡನೊಂದು ಸಂಬಂಧವಿಲ್ಲದ ಹತ್ತು ಷರತ್ತುಗಳಿಗೆ 1024 ಬೇರೆ ಬೇರೆ ಪ್ರೋಗ್ರಾಮುಗಳಾಗುತ್ತವೆ. ಇವುಗಳಲ್ಲಿ ಎಷ್ಟನ್ನು ಪರೀಕ್ಷಿಸಲಾಗಿದೆ ಎಂದು ತಯಾರಕರು ಕೇಳಲೇಬೇಕು. ಮಾರಾಟಕ್ಕಿರುವ ಮಾದರಿಗಳು ನಾಲ್ಕೇ ಆದರೆ ಆ ನಾಲ್ಕು ಜೋಡಣೆಗಳ ಪಟ್ಟಿಯನ್ನು ಲಿಖಿತವಾಗಿ ಇಟ್ಟು, ಉಳಿದ ಜೋಡಣೆಗಳನ್ನು ಮೇಲಿನ ನಾಲ್ಕನೇ ನಿಯಮದಂತೆ ನಿಲ್ಲಿಸುವುದು ಜಾಣತನ. ಒಂದು ಬದಲಾವಣೆ ಮಾಡಿದಾಗ ನಾಲ್ಕನ್ನೂ ಮತ್ತೆ ಕಂಪೈಲ್ ಮಾಡಿ ಪರೀಕ್ಷಿಸತಕ್ಕದ್ದು. ಪ್ರೋಗ್ರಾಮರ್‌ನ ಕೆಲವು ಗಂಟೆಗಳ ಕೆಲಸಕ್ಕೆ ಹಿಂಜರಿದರೆ, ಮಾರಿದ ಯಂತ್ರಗಳನ್ನು ಹುಡುಕಿಕೊಂಡು ಪ್ರತಿಯೊಬ್ಬ ಬಿಚ್ಚಾಣಿಕೆದಾರರ ಘಟಕಕ್ಕೂ ಹೋಗಬೇಕಾದೀತು.

ಹೆಡರ್ ಫೈಲಿನಲ್ಲಿ ಇರಬಾರದವು

ಕಾಲಕ್ಕೆ ತಕ್ಕಂತೆ ಬದಲಾಗುವ ಅಂಕಿಗಳನ್ನು ಷರತ್ತುಬದ್ಧ ಕಂಪೈಲಿಂಗ್‌ಗೆ ಒಪ್ಪಿಸಬಾರದು. ತೆರಿಗೆ ದರ ಇದಕ್ಕೆ ಉತ್ತಮ ನಿದರ್ಶನ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಬಂದಿತು. 2017ರ ಜುಲೈ 1ರಂದು ದೇಶಾದ್ಯಂತ ಜಿಎಸ್‌ಟಿ ಜಾರಿಯಾಯಿತು. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಬೇರೆ ಹಂತಗಳಿಗೆ ಹೋದವು. ದರವನ್ನು ಹೆಡರ್‌ನಲ್ಲಿ ಷರತ್ತಾಗಿ ಬರೆದಿದ್ದ ಬಿಲ್ಲಿನ ಯಂತ್ರವಾದರೆ ಪ್ರತಿ ಬಾರಿಯೂ ಹೊಸ ಪ್ರೋಗ್ರಾಮ್ ತುಂಬಿಸಬೇಕಾಗುತ್ತದೆ. ಅದರಿಂದಲೂ ಸಮಸ್ಯೆ ಮುಗಿಯದು. ಹಳೆಯ ದರದಲ್ಲಿ ಮಾರಿದ ಸರಕು ಹಿಂದಿರುಗಿದಾಗ ಕ್ರೆಡಿಟ್ ನೋಟ್ ಹಳೆಯ ದರದಲ್ಲಿಯೇ ಆಗಬೇಕು. ಅಂದರೆ ಯಂತ್ರದಲ್ಲಿ ಎರಡು ದರಗಳೂ ದಿನಾಂಕ ಸಹಿತ ಇರಬೇಕು. ಎರಡರಲ್ಲಿ ಒಂದನ್ನು ಕೈಬಿಡುವ ಷರತ್ತು ಇಲ್ಲಿ ನಿರುಪಯುಕ್ತ.

ರಾಜ್ಯದ ಗಡಿಯ ವಿಷಯವೂ ಹಾಗೆಯೇ. ಗೌರಿಬಿದನೂರಿನ ವರ್ತಕರ ಒಂದು ಬಿಲ್ಲು ದೊಡ್ಡಬಳ್ಳಾಪುರಕ್ಕೆ, ಮುಂದಿನ ಬಿಲ್ಲು ಆಂಧ್ರದ ಹಿಂದೂಪುರಕ್ಕೆ ಹೋಗುತ್ತದೆ. ಮೊದಲನೆಯದಕ್ಕೆ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ, ಎರಡನೆಯದಕ್ಕೆ ಸಮಗ್ರ ಜಿಎಸ್‌ಟಿ. ಈ ನಿರ್ಧಾರ ಪ್ರತಿ ಬಿಲ್ಲಿನ ಹೊತ್ತಿಗೆ ಆಗಬೇಕು. ಯಂತ್ರದ ಭೌತಿಕ ಸ್ವರೂಪಕ್ಕೆ ಸಂಬಂಧಿಸಿದ ಚಿಪ್ಪು, ಪರದೆ, ಕವಾಟ, ಹೀಟರ್ ಇವು ಹೆಡರ್‌ನ ಷರತ್ತಿಗೆ ಸೂಕ್ತ. ದರ, ದಿನಾಂಕ, ಊರು, ಗ್ರಾಹಕ ಇವುಗಳ ಸ್ಥಾನ ದತ್ತಾಂಶದ ಪಟ್ಟಿಯಲ್ಲಿ.

ಕಾನೂನಿನ ದೃಷ್ಟಿಯಿಂದ

ಮೊದಲನೆಯದಾಗಿ, 2014ರ ಕಂಪನಿಗಳ ಲೆಕ್ಕಪತ್ರ ನಿಯಮಗಳ 3(1)ನೇ ನಿಯಮದ ಪರಂತುಕವು 2023ರ ಏಪ್ರಿಲ್ 1ರಿಂದ ಅನ್ವಯವಾಗಿದೆ. ಅದರಂತೆ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು. ಆ ದಾಖಲೆಯ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಿರಬಾರದು. ಬೆಂಗಳೂರಿನ ಟ್ಯಾಲಿ ಸಂಸ್ಥೆಯು 2022ರಲ್ಲಿ ‘ಎಡಿಟ್ ಲಾಗ್’ ಎಂಬ ಪ್ರತ್ಯೇಕ ಆವೃತ್ತಿಯನ್ನು ಹೊರತಂದಿತು. ಅದರಲ್ಲಿ ತಿದ್ದುಪಡಿ ದಾಖಲೆಯನ್ನು ಮುಚ್ಚುವ ಆಯ್ಕೆಯೇ ಇಲ್ಲ; ಸಾಮಾನ್ಯ ಆವೃತ್ತಿಯಲ್ಲಿ ಅದು ಬಳಕೆದಾರನ ಇಚ್ಛೆಗೆ ಬಿಟ್ಟದ್ದು. ಎರಡು ಆವೃತ್ತಿಗಳನ್ನು ಹೆಸರಿನಿಂದಲೇ ಬೇರ್ಪಡಿಸಿದ್ದು ಅನುಕರಣೀಯ. ನಮ್ಮ ಸದಸ್ಯ ಕಂಪನಿಗಳು ಸ್ಥಳೀಯ ಪ್ರೋಗ್ರಾಮರ್‌ನಿಂದ ಲೆಕ್ಕಪತ್ರ ತಂತ್ರಾಂಶ ಬರೆಸಿದ್ದರೆ, ತಿದ್ದುಪಡಿ ದಾಖಲೆಯ ಭಾಗ ಯಾವುದಾದರೂ ಷರತ್ತಿನೊಳಗೆ ಸಿಲುಕಿದೆಯೇ ಎಂದು ಲಿಖಿತ ಉತ್ತರ ಪಡೆಯುವುದು ಅಗತ್ಯ. ಈ ನಿಯಮ ಏಕವ್ಯಕ್ತಿ ಮಾಲೀಕತ್ವದ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಅನ್ವಯಿಸುವುದಿಲ್ಲ.

ಎರಡನೆಯದಾಗಿ, ತೂಕದ ಯಂತ್ರ ತಯಾರಿಸುವವರು 2009ರ ಕಾನೂನು ಮಾಪನ ಶಾಸ್ತ್ರ ಅಧಿನಿಯಮದಂತೆ ಮಾದರಿಗೆ ಅನುಮೋದನೆ ಪಡೆಯಬೇಕು. ಅನುಮೋದನೆಗೆ ಒಪ್ಪಿಸಿದ ಯಂತ್ರದ ಪ್ರೋಗ್ರಾಮ್ ಒಂದು ಜೋಡಣೆಯದು, ಮಾರಾಟದ ಯಂತ್ರದ್ದು ಇನ್ನೊಂದು ಜೋಡಣೆಯದು ಆದರೆ ತಯಾರಕರು ಉತ್ತರ ಹೇಳಬೇಕಾಗುತ್ತದೆ.

ಮೂರನೆಯದಾಗಿ, 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯೆಂದು ಪರಿಗಣಿತ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದುದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಗುತ್ತಿಗೆಯ ಮೇಲೆ ಬರೆಸಿದ್ದು ಹಣ ಕೊಟ್ಟ ಮಾತ್ರಕ್ಕೆ ನಮ್ಮದಾಗದು. ಸಹಿ ಮಾಡಿದ ವರ್ಗಾವಣೆ ಪತ್ರ ಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೇ ಪ್ರಕರಣ ಹೇಳುತ್ತದೆ. ಹೆಡರ್ ಫೈಲುಗಳೂ ಈ ವರ್ಗಾವಣೆಯಲ್ಲಿ ಸೇರಿರಬೇಕು. ಅವಿಲ್ಲದ ಮೂಲ ಬರಹ ಬೀಗದ ಕೈಯಿಲ್ಲದ ಪೆಟ್ಟಿಗೆಗೆ ಸಮ.

ಕೆಲಸದ ಆದೇಶದಲ್ಲಿ ಸೇರಿಸಬೇಕಾದ ಅಂಶಗಳು

ಸದಸ್ಯರು ಪ್ರೋಗ್ರಾಮರ್‌ಗೆ ನೀಡುವ ಕೆಲಸದ ಆದೇಶದಲ್ಲಿ ಈ ಕೆಳಗಿನವುಗಳನ್ನು ಸೇರಿಸುವುದು ಸೂಕ್ತ:

• ಮೇಲಿನ ಆರು ನಿಯಮಗಳಂತೆ ಬರೆಯತಕ್ಕದ್ದು. ಕಂಪೈಲರ್ ಎಚ್ಚರಿಕೆಗಳಿಲ್ಲದ ಸ್ಥಿತಿಯಲ್ಲಿ ಮಾತ್ರ ಒಪ್ಪಿಸತಕ್ಕದ್ದು.

• ಆಯ್ಕೆಗಳ ಹೆಡರ್ ಫೈಲಿನ ಪ್ರತಿ ಹೆಸರಿಗೂ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಒಂದು ಸಾಲಿನ ವಿವರಣೆ ಇರತಕ್ಕದ್ದು.

• ಯಂತ್ರ ಚಾಲೂ ಆದಾಗ ಮಾದರಿ, ಆವೃತ್ತಿ ಮತ್ತು ಆಯ್ಕೆಗಳ ಸಂಕೇತ ಪರದೆಯ ಮೇಲೆ ಕಾಣತಕ್ಕದ್ದು.

• ಮಾರಾಟದ ಪ್ರತಿಯೊಂದು ಜೋಡಣೆಯನ್ನೂ ಕಂಪೈಲ್ ಮಾಡಿ ಪರೀಕ್ಷಿಸಿದ ವರದಿಯನ್ನು ಸಹಿಯೊಂದಿಗೆ ನೀಡತಕ್ಕದ್ದು.

• ಹೆಡರ್ ಫೈಲುಗಳ ಸಹಿತ ಪೂರ್ಣ ಮೂಲ ಬರಹ ಮತ್ತು ಕೃತಿಸ್ವಾಮ್ಯದ ವರ್ಗಾವಣೆ ಪತ್ರ ದೊರೆತ ನಂತರವೇ ಕೊನೆಯ ಕಂತಿನ ಪಾವತಿ.

ಪರದೆಯ ಮೇಲೆ ಕಂಡ ಸಂಕೇತವನ್ನು ತಯಾರಕರು ಯಂತ್ರದ ಕ್ರಮಸಂಖ್ಯೆ ಮತ್ತು ಬಿಲ್ಲಿನ ಸಂಖ್ಯೆಯ ಜೊತೆಗೆ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿಟ್ಟರೆ ಯಾವ ಗ್ರಾಹಕನ ಬಳಿ ಯಾವ ಪ್ರೋಗ್ರಾಮ್ ಇದೆ ಎಂಬುದು ವರ್ಷಗಳ ನಂತರವೂ ತಿಳಿಯುತ್ತದೆ. ದೋಷ ಕಂಡಾಗ ನೂರು ಯಂತ್ರಗಳ ಬದಲು ಸಂಬಂಧಪಟ್ಟ ಹತ್ತನ್ನು ಮಾತ್ರ ಹಿಂದಕ್ಕೆ ತರಿಸಬಹುದು.

ಪ್ರೋಗ್ರಾಮಿನ ಸಾಲುಗಳನ್ನು ಸದಸ್ಯರು ಸ್ವತಃ ಓದಬೇಕಾಗಿಲ್ಲ. ಆಯ್ಕೆಗಳ ಹೆಡರ್ ಫೈಲ್ ಸಾಮಾನ್ಯವಾಗಿ ಒಂದೆರಡು ಪುಟಗಳಷ್ಟಿರುತ್ತದೆ. ಮುಂದಿನ ಬಾರಿ ಪ್ರೋಗ್ರಾಮರ್ ಬಂದಾಗ ಅದನ್ನು ಮುದ್ರಿಸಿ ಕೊಡಲು ಹೇಳಿ, ಪ್ರತಿ ಹೆಸರಿನ ಮುಂದೆ 1 ಇದೆಯೋ 0 ಇದೆಯೋ, ಅದು ಯಾವ ಮಾದರಿಗೆ, ಏಕೆ ಎಂದು ಕೇಳಿ ಉತ್ತರವನ್ನು ಪಕ್ಕದಲ್ಲಿ ಬರೆಸಿಕೊಳ್ಳಿ. ಉತ್ತರ ದೊರೆಯದ ಹೆಸರುಗಳಿಂದಲೇ ಪರಿಶೀಲನೆಯನ್ನು ಆರಂಭಿಸಬಹುದು.